ಅಬಾರಿಜಿನಲ್ ಚಿತ್ರ ಕೊಳ್ಳುವಾಗ, ಮಾರುವಾಗ ಯಾರ ಸಲಹೆ ಕೇಳಬೇಕು?

ಈ ವರ್ಷ ಮೂರು ಮನೆಯವರು ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಮನೆ ಕಟ್ಟಿಸಿದ ಒಂದು ಜೋಡಿಗೆ ಹಾಲ್‌ನ ದೊಡ್ಡ ಗೋಡೆಗೆ ಒಳ್ಳೆಯ ಅಬಾರಿಜಿನಲ್ ಚಿತ್ರ, ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳು ಬರೆದ ಚಿತ್ರ ಬೇಕು. ಕೈಯಲ್ಲಿರುವುದು ಎರಡು ಸಾವಿರ ಡಾಲರ್. ಸಿಡ್ನಿಯ ನಿವೃತ್ತ ಎಂಜಿನಿಯರ್ ಒಬ್ಬರು 2006ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ಗೆ ಪ್ರವಾಸ ಹೋದಾಗ ಒಂದು ಚಿತ್ರ ಕೊಂಡಿದ್ದರು. ಈಗ ಮೈಸೂರಿಗೆ ವಾಪಸ್ ಹೊರಟಿದ್ದಾರೆ. ಮಾರುವುದೋ, ಜೊತೆಗೆ ಒಯ್ಯುವುದೋ ಎಂಬ ಗೊಂದಲ. ಮೂರನೆಯವರು ಹಲ್ಲಿನ ಡಾಕ್ಟರ್. ಎರಡು ಕ್ಲಿನಿಕ್ ಇವೆ. ನಾಲ್ಕೈದು ವರ್ಷದಲ್ಲಿ ಒಂದು ಸಣ್ಣ ಸಂಗ್ರಹ ಮಾಡಬೇಕು, ಅದೂ ತಮ್ಮದೇ ಸೂಪರ್ ಫಂಡ್ (ನಿವೃತ್ತಿಗೆಂದು ಕೂಡಿಡುವ ನಿಧಿ) ಹಣದಲ್ಲಿ ಎಂಬ ಆಸೆ ಅವರಿಗೆ.

ಮೂವರ ಪ್ರಶ್ನೆಯೂ ಇಷ್ಟೇ: ‘ಯಾರನ್ನು ಕೇಳೋದು?’ ಹರಾಜು ಸಂಸ್ಥೆಯವರನ್ನೋ, ಸ್ವತಂತ್ರ ಆರ್ಟ್ ಕನ್ಸಲ್ಟೆಂಟನ್ನೋ, ಬೆಲೆ ಕಟ್ಟುವ ವ್ಯಾಲ್ಯೂಯರನ್ನೋ, ಗ್ಯಾಲರಿಯವರನ್ನೋ? ಅಥವಾ ಯಾರ ಸಹವಾಸವೂ ಬೇಡವೆಂದು ನೇರವಾಗಿ ಕಲಾವಿದರ ಊರಿನ ಆರ್ಟ್ ಸೆಂಟರಿಗೇ ಹೋಗುವುದೋ? ಒಬ್ಬೊಬ್ಬರಿಗೂ ಉತ್ತರ ಬೇರೆ. ಆದರೆ ತೂಗುವ ತಕ್ಕಡಿ ಒಂದೇ. ಅದನ್ನು ಮೊದಲು ಹೇಳುತ್ತೇನೆ.

ತಕ್ಕಡಿ

ಮೊದಲ ಪ್ರಶ್ನೆ, ಸಲಹೆ ಕೊಡುವವರಿಗೆ ದುಡ್ಡು ಯಾರಿಂದ ಬರುತ್ತದೆ ಎಂಬುದು. ಮದುವೆ ದಲ್ಲಾಳಿ ಯಾವ ಕಡೆಯವರಿಂದ ಹಣ ತಗೊಳ್ಳುತ್ತಾನೋ ಆ ಕಡೆಯವರನ್ನು ಹೊಗಳುತ್ತಾನೆ, ಅಲ್ವಾ? ಇಲ್ಲೂ ಹಾಗೇ. ಅವರು ಕೆಟ್ಟವರೆಂದಲ್ಲ. ಯಾರ ಪರ ನಿಂತು ಮಾತಾಡುತ್ತಿದ್ದಾರೆ ಎಂದು ನಮಗೆ ಗೊತ್ತಿದ್ದರೆ ಅವರ ಮಾತನ್ನು ಎಷ್ಟು ನೆಚ್ಚಬಹುದು ಎಂಬುದೂ ಗೊತ್ತಾಗುತ್ತದೆ.

ಎರಡನೆಯದು, ಅವರಿಗೆ ಚಿತ್ರದ ಮೂಲ ಓದಲು ಬರುತ್ತದೆಯೇ? ಅಂದರೆ ಚಿತ್ರ ಎಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈ ಮಾರುಕಟ್ಟೆಯಲ್ಲಿ ಅರ್ಧ ಬೆಲೆ ಬಣ್ಣದ್ದಾದರೆ ಅರ್ಧ ಬೆಲೆ ಕಾಗದದ್ದು.

ಇವತ್ತು ನಾವು ನೋಡುವ ಚುಕ್ಕಿ ಚಿತ್ರಗಳ ಕಥೆ ಶುರುವಾಗಿದ್ದು 1971ರಲ್ಲಿ, ಪಾಪುನ್ಯಾದಲ್ಲಿ. ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 240 ಕಿಲೋಮೀಟರ್ ವಾಯವ್ಯಕ್ಕಿರುವ ಮರುಭೂಮಿಯ ಊರು ಅದು. ಜೆಫ್ರಿ ಬಾರ್ಡನ್ ಎಂಬ ಶಾಲಾ ಮೇಷ್ಟ್ರು ಅಲ್ಲಿದ್ದಾಗ ಊರಿನ ಹಿರಿಯರು ಶಾಲೆಯ ಗೋಡೆ ಮೇಲೆ ಜೇನಿರುವೆಯ ಕಥೆ ಬರೆದರು. ಅದುವರೆಗೆ ಮಣ್ಣಿನ ಮೇಲೆ, ಮೈ ಮೇಲೆ ಬರೆದು ಅಳಿಸಿಹೋಗುತ್ತಿದ್ದ ಗುರುತುಗಳು ಹಲಗೆಗೆ ಬಂದವು, ಆಮೇಲೆ ಕ್ಯಾನ್ವಾಸಿಗೆ. ಮರುವರ್ಷ, 1972ರಲ್ಲಿ, ಕಲಾವಿದರದೇ ಒಡೆತನದ ಪಾಪುನ್ಯಾ ತುಲಾ ಆರ್ಟಿಸ್ಟ್ಸ್ ಕಂಪನಿ ಹುಟ್ಟಿತು. ಅಂಥದೇ ಕೇಂದ್ರಗಳು ಮುಂದೆ ಯುಎಂಡುಮು, ಯಿರ್ಕಲಾ, ಮನಿಂಗ್ರಿಡಾ, ವಾರ್ಮನ್ ಮೊದಲಾದ ಊರುಗಳಲ್ಲಿ ನಡೆಯತೊಡಗಿದವು. ಇವುಗಳಿಗೆ ಆರ್ಟ್ ಸೆಂಟರ್ ಎನ್ನುತ್ತಾರೆ. ಕ್ಯಾನ್ವಾಸ್, ಬಣ್ಣ ಕೊಡುವುದು, ಚಿತ್ರದ ಕಥೆ ಬರೆದಿಡುವುದು, ನಂಬರ್ ಹಾಕುವುದು, ಮಾರುವುದು, ಕಲಾವಿದರಿಗೆ ದುಡ್ಡು ತಲುಪಿಸುವುದು ಇವರ ಕೆಲಸ. ಚಿತ್ರದ ಹಿಂಬದಿಯಲ್ಲಿ ಆ ನಂಬರ್ ಇದ್ದು, ಅದೇ ನಂಬರಿನ ಪ್ರಮಾಣಪತ್ರ ನಿಮ್ಮ ಕೈಯಲ್ಲಿದ್ದರೆ ಮುಂದೆ ಯಾರೂ ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಕಲಾವಿದರನ್ನು ಊರಿಂದ ಕರೆತಂದು, ಶೆಡ್ಡಲ್ಲೋ ಮೋಟೆಲ್ಲಿನಲ್ಲೋ ಕೂರಿಸಿ, ಅಷ್ಟೋ ಇಷ್ಟೋ ಕೊಟ್ಟು ಬರೆಸಿಕೊಂಡು ಹೋಗುವ ವ್ಯಾಪಾರಿಗಳು. ಇಲ್ಲಿನವರು ಅವರನ್ನು ‘ಕಾರ್ಪೆಟ್‌ಬ್ಯಾಗರ್’ ಎಂದು ಬೈಯುತ್ತಾರೆ. ಹಾಗಂತ ಆರ್ಟ್ ಸೆಂಟರಿನ ಹೊರಗೆ ಬರೆದದ್ದೆಲ್ಲ ಕಳಪೆ ಎಂದುಕೊಳ್ಳಬೇಡಿ. ಯುಟೋಪಿಯಾ ಎಂಬ ಪ್ರದೇಶದ ಕಲಾವಿದೆ ಎಮಿಲಿ ಕಾಮೆ ಕ್ನ್ಗ್ವಾರೆಯೆ ಎಪ್ಪತ್ತು ದಾಟಿದ ಮೇಲೆ ಕ್ಯಾನ್ವಾಸ್ ಹಿಡಿದು, 1996ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಎಂಟು ವರ್ಷದಲ್ಲಿ ಸಾವಿರಾರು ಚಿತ್ರ ಬರೆದರು. ಬೇರೆ ಬೇರೆ ವ್ಯಾಪಾರಿಗಳಿಗೆ ಬರೆದರು. ಅವರ ಚಿತ್ರಗಳಲ್ಲಿ ಡೆಲ್ಮೋರ್ ಗ್ಯಾಲರಿಯ ಮೂಲಕ ಬಂದದ್ದಕ್ಕೂ ದಾರಿ ಗೊತ್ತಿಲ್ಲದ್ದಕ್ಕೂ ಹರಾಜಿನಲ್ಲಿ ಅಜಗಜಾಂತರ. ಯಾವ ಕಲಾವಿದರಿಗೆ ಯಾವ ದಾರಿ ಸರಿ ಎಂದು ಬಲ್ಲವರೇ ನಿಜವಾದ ಸಲಹೆಗಾರರು. ಎಲ್ಲರಿಗೂ ಒಂದೇ ಸೂತ್ರ ಹೇಳುವವರು ಅಲ್ಲ.

ನಾನು ಕಲಿತದ್ದು ದುಡ್ಡು ಕೊಟ್ಟು. ಹೊಸದಾಗಿ ಈ ದೇಶಕ್ಕೆ ಬಂದಾಗ ಪ್ರವಾಸಿಗರ ಬೀದಿಯ ಒಂದು ಅಂಗಡಿಯಲ್ಲಿ 3,200 ಡಾಲರ್ ಕೊಟ್ಟು ಒಂದು ಚಿತ್ರ ತಂದೆ. ಜೊತೆಗೆ ಅಂಗಡಿಯವರೇ ಅಚ್ಚು ಹಾಕಿಸಿದ ಪ್ರಮಾಣಪತ್ರ, ಕಲಾವಿದೆ ಚಿತ್ರ ಹಿಡಿದು ನಿಂತ ಫೋಟೋ. ಇಷ್ಟು ಸಾಕು ಎಂದುಕೊಂಡಿದ್ದೆ. ಕೆಲವು ವರ್ಷ ಬಿಟ್ಟು ಹರಾಜಿಗೆ ಕೊಡಲು ಹೋದರೆ ತಜ್ಞರು ಹಿಂಬದಿ ತಿರುಗಿಸಿ ನೋಡಿ, ಮೆಲ್ಲಗೆ ವಾಪಸ್ ಕೊಟ್ಟರು. ‘ಚಿತ್ರ ಚೆನ್ನಾಗಿದೆ, ಆದರೆ ನಾವು ತಗೊಳ್ಳೋಕಾಗಲ್ಲ’ ಎಂದರು. ಈಗಲೂ ಅದು ನಮ್ಮ ಮನೆಯಲ್ಲಿದೆ. ನನಗೆ ಇಷ್ಟವೇ. ಆದರೆ ಬರೆದ ಆ ಹೆಂಗಸಿಗೆ ಎಷ್ಟು ಸಿಕ್ಕಿತೋ ಎಂಬ ಯೋಚನೆ ಅದನ್ನು ನೋಡಿದಾಗಲೆಲ್ಲ ಬರುತ್ತದೆ.

ಮೂರನೆಯ ಅಳತೆ ಅದೇ: ಕಲಾವಿದರಿಗೆ ಏನು ಸಿಗುತ್ತದೆ. ನಾಲ್ಕನೆಯದು ಒಟ್ಟು ಖರ್ಚು. ಫಲಕದಲ್ಲಿ ಬರೆದ ದರ ಅಲ್ಲ, ಕೊನೆಗೆ ನಿಮ್ಮ ಜೇಬಿನಿಂದ ಹೋಗುವುದು. ಐದನೆಯದು, ಕೆಲಸ ಮುಗಿದ ಮೇಲೆ ನಿಮ್ಮ ಕೈಯಲ್ಲಿ ಯಾವ ಕಾಗದ ಉಳಿಯುತ್ತದೆ ಎಂಬುದು.

ಹರಾಜು ಸಂಸ್ಥೆಯ ತಜ್ಞರು

ಹೆಚ್ಚಿನವರು ಮೊದಲು ಹೋಗುವುದು ಇವರ ಹತ್ತಿರವೇ. ಯಾಕೆಂದರೆ ಅಂದಾಜು ಬೆಲೆ ಪುಕ್ಕಟೆ ಹೇಳುತ್ತಾರೆ. ಮೆಲ್ಬರ್ನ್‌, ಸಿಡ್ನಿಗಳಲ್ಲಿ ಡಾಯ್ಚರ್ ಅಂಡ್ ಹ್ಯಾಕೆಟ್ ಅಬಾರಿಜಿನಲ್ ಕಲೆಗೆಂದೇ ಪ್ರತ್ಯೇಕ ಹರಾಜು ನಡೆಸುತ್ತದೆ. ಮೆನ್ಝೀಸ್, ಬಾನಮ್ಸ್, ಲೆನರ್ಡ್ ಜೋಯೆಲ್ ಕೂಡ ಈ ಚಿತ್ರಗಳನ್ನು ಮಾರಿವೆ. ಸದಬೀಸ್ ತನ್ನ ಅಬಾರಿಜಿನಲ್ ಹರಾಜನ್ನು ಮೊದಲು ಲಂಡನ್‌ಗೆ, ಆಮೇಲೆ 2019ರಿಂದ ನ್ಯೂಯಾರ್ಕ್‌ಗೆ ಒಯ್ಯಿತು. ಚಿತ್ರದ ಎದುರು, ಹಿಂದಿನ ಫೋಟೋ ಮತ್ತು ಕಾಗದಗಳನ್ನು ಇಮೇಲ್ ಮಾಡಿದರೆ ಸಾಕು, ಉತ್ತರ ಬರುತ್ತದೆ.

ಇವರ ಬಲ ಏನೆಂದರೆ ನೂರಾರು ಚಿತ್ರಗಳ ಹಿಂಬದಿ ನೋಡಿರುವ ಕಣ್ಣು. ಮೂಲ ಓದುವುದರಲ್ಲಿ ಒಳ್ಳೆಯ ಹರಾಜು ತಜ್ಞರನ್ನು ಮೀರಿಸುವವರು ಕಡಿಮೆ. ತಮ್ಮ ಕ್ಯಾಟಲಾಗಿನಲ್ಲಿ ತಪ್ಪು ಚಿತ್ರ ಬಂದರೆ ಹೆಸರು ಕೆಡುವುದು ಅವರದೇ, ಅದಕ್ಕೆ ಹುಷಾರಾಗಿರುತ್ತಾರೆ.

ಮಿತಿ ಏನು? ಅವರಿಗೆ ಮಾರಾಟವಾದರೆ ಮಾತ್ರ ದುಡ್ಡು. ‘ಈಗ ಮಾರಬೇಡಿ, ಐದು ವರ್ಷ ಇಟ್ಟುಕೊಳ್ಳಿ’ ಎಂದು ಹೇಳುವುದರಿಂದ ಅವರಿಗೆ ಲಾಭವಿಲ್ಲ. ಖರ್ಚಿನ ಲೆಕ್ಕವನ್ನೂ ಬಿಡಿಸಿ ನೋಡಿ. ಖರೀದಿದಾರರ ಪ್ರೀಮಿಯಂ (ಕೂಗಿದ ಬೆಲೆಯ ಮೇಲೆ ಕೊಂಡವರು ಸಂಸ್ಥೆಗೆ ಕೊಡುವ ಹೆಚ್ಚುವರಿ ಹಣ) ಶೇ 25, ಮಾರುವವರ ಕಮಿಷನ್ ಶೇ 10 ಎಂದು ಇಟ್ಟುಕೊಳ್ಳೋಣ. ಸಂಸ್ಥೆಯಿಂದ ಸಂಸ್ಥೆಗೆ ಇದು ಬದಲಾಗುತ್ತದೆ, ಮಾರುವವರ ಕಮಿಷನ್ ಚೌಕಾಸಿಗೂ ಬಗ್ಗುತ್ತದೆ. ಸುತ್ತಿಗೆ 10,000 ಡಾಲರಿಗೆ ಬಿತ್ತು. ಕೊಂಡವರು ಕೊಡುವುದು 12,500. ಮರುಮಾರಾಟದ ರಾಯಲ್ಟಿ ಅವರ ಮೇಲೆ ಬಿದ್ದರೆ ಇನ್ನೂ 500, ಅಂದರೆ 13,000. ಮಾರಿದವರಿಗೆ ಸಿಗುವುದು 9,000, ಅದರಲ್ಲಿ ಕಮಿಷನ್ ಮೇಲಿನ ಜಿಎಸ್‌ಟಿ 100 ಕಳೆದು 8,900. ಫೋಟೋ, ವಿಮೆಯ ಖರ್ಚು ಬೇರೆ. ಒಂದೇ ಚಿತ್ರ, ಒಂದೇ ದಿನ. ನಡುವೆ ನಾಲ್ಕು ಸಾವಿರಕ್ಕೂ ಜಾಸ್ತಿ ಅಂತರ. ಇವತ್ತು ಹರಾಜಿನಲ್ಲಿ ಕೊಂಡು ಎರಡು ವರ್ಷಕ್ಕೆ ಹರಾಜಿನಲ್ಲೇ ಮಾರಿ ಲಾಭ ಮಾಡುತ್ತೇನೆ ಎನ್ನುವವರು ಈ ಲೆಕ್ಕವನ್ನು ಒಂದು ಸಲ ಬರೆದು ನೋಡಬೇಕು.

ರಾಯಲ್ಟಿ ಅಂದೆನಲ್ಲ, ಅದು ಏನೆಂದು ಗೊತ್ತಿರಲಿ. 2010ರ ಜೂನ್ 9ರಿಂದ ಇಲ್ಲಿ ಒಂದು ಕಾನೂನು ಜಾರಿಯಲ್ಲಿದೆ. 1,000 ಡಾಲರ್ ಅಥವಾ ಹೆಚ್ಚಿನ ಬೆಲೆಗೆ ವ್ಯಾಪಾರಿಗಳ ಮೂಲಕ ಚಿತ್ರ ಮರುಮಾರಾಟವಾದಾಗ ಶೇ 5 ಕಲಾವಿದರಿಗೆ ಹೋಗಬೇಕು. ಅವರು ತೀರಿಕೊಂಡಿದ್ದರೆ 70 ವರ್ಷದವರೆಗೆ ವಾರಸುದಾರರಿಗೆ. ಆ ದಿನಕ್ಕಿಂತ ಮೊದಲೇ ನಿಮ್ಮದಾಗಿದ್ದ ಚಿತ್ರವನ್ನು ಮೊದಲ ಸಲ ಮಾರುವಾಗ ರಾಯಲ್ಟಿ ಇಲ್ಲ, ಆದರೆ ಮಾರಾಟದ ವರದಿ ಕೊಡಲೇಬೇಕು. ನಮ್ಮ ಎಂಜಿನಿಯರ್ ಸಾಹೇಬರು ಈ ಗುಂಪಿಗೆ ಸೇರುತ್ತಾರೆ. ಈ ಶೇ 5 ಬಗ್ಗೆ ಗೊಣಗುವವರನ್ನು ಕೇಳಿದ್ದೇನೆ. ಅವರಿಗೆ ನಾನು ಹೇಳುವುದು ಕ್ಲಿಫರ್ಡ್ ಪಾಸಮ್ ಜಪಲ್ಜಾರಿಯವರ ‘ವಾರ್ಲುಗುಲಾಂಗ್’ ಕಥೆ. 1977ರಲ್ಲಿ ಬರೆದ ಆ ದೊಡ್ಡ ಚಿತ್ರವನ್ನು ಒಂದು ಬ್ಯಾಂಕು 1,200 ಡಾಲರಿಗೆ ಕೊಂಡು ತನ್ನ ತರಬೇತಿ ಕೇಂದ್ರದ ಕ್ಯಾಂಟೀನಿನಲ್ಲಿ ತೂಗುಹಾಕಿತ್ತು. 2007ರಲ್ಲಿ ಅದೇ ಚಿತ್ರ ಸದಬೀಸ್ ಹರಾಜಿನಲ್ಲಿ 24 ಲಕ್ಷ ಡಾಲರಿಗೆ ಹೋಯಿತು. ಕೊಂಡದ್ದು ನ್ಯಾಷನಲ್ ಗ್ಯಾಲರಿ ಆಫ್ ಆಸ್ಟ್ರೇಲಿಯಾ. ಕಲಾವಿದರು ಅಷ್ಟೊತ್ತಿಗೆ ತೀರಿಕೊಂಡಿದ್ದರು. ಆಗ ಈ ಕಾನೂನು ಇರಲಿಲ್ಲ. ಮನೆಯವರಿಗೆ ಒಂದು ಪೈಸೆ ಹೋಗಬೇಕೆಂಬ ಕಟ್ಟುಪಾಡೂ ಇರಲಿಲ್ಲ.

ಹರಾಜಿಗೆ ಕೊಡುವ ಮೊದಲು ಎರಡು ಮಾತು ಕೇಳಿ. ಒಂದು, ಕನಿಷ್ಠ ಬೆಲೆ ಎಷ್ಟು, ಮಾರಾಟವಾಗದಿದ್ದರೆ ಏನು ಖರ್ಚು? ಹರಾಜಿನಲ್ಲಿ ಕೂಗಿಯೂ ಹೋಗದ ಚಿತ್ರಕ್ಕೆ ಕೆಲವು ವರ್ಷ ಮಾರುಕಟ್ಟೆಯಲ್ಲಿ ಮುಖ ಇರುವುದಿಲ್ಲ. ಬೆಲೆಗಳ ದಾಖಲೆಯಲ್ಲಿ ಅದು ಎಲ್ಲರಿಗೂ ಕಾಣುತ್ತದೆ. ಎರಡು, ನನ್ನ ದುಡ್ಡು ಯಾವ ಖಾತೆಯಲ್ಲಿರುತ್ತದೆ, ಎಷ್ಟು ದಿನಕ್ಕೆ ಬರುತ್ತದೆ? ಮೆಲ್ಬರ್ನ್‌ನ ಮಾಸ್‌ಗ್ರೀನ್ ಎಂಬ ಹೆಸರಾಂತ ಹರಾಜು ಸಂಸ್ಥೆ 2017ರ ಡಿಸೆಂಬರಿನಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋದಾಗ, ಮಾರಲು ಕೊಟ್ಟಿದ್ದ ಜನ ತಮ್ಮ ವಸ್ತು ವಾಪಸ್ ಪಡೆಯಲು ಪರದಾಡಿದರು. ವಿಷಯ ಕೋರ್ಟಿಗೂ ಹೋಯಿತು. ದೊಡ್ಡ ಹೆಸರು ಎಂದು ಸುಮ್ನೆ ಕೂರಬಾರದು.

ಸ್ವತಂತ್ರ ಆರ್ಟ್ ಕನ್ಸಲ್ಟೆಂಟ್

ಇವರು ನಿಮ್ಮ ಪರ ಕೆಲಸ ಮಾಡುವವರು. ಅಂದರೆ ಹಾಗಿರಬೇಕು. ಸಂಗ್ರಹಕ್ಕೆ ಒಂದು ದಿಕ್ಕು ಹಾಕಿಕೊಡುತ್ತಾರೆ, ಹರಾಜಿಗೆ ಮೊದಲು ಚಿತ್ರದ ಸ್ಥಿತಿ ಪರೀಕ್ಷಿಸುತ್ತಾರೆ, ನಿಮ್ಮ ಬದಲು ಕೂಗುತ್ತಾರೆ, ಇರುವ ಸಂಗ್ರಹದ ಪಟ್ಟಿ ಮಾಡಿ ಕಾಗದಗಳನ್ನು ಒಪ್ಪ ಮಾಡುತ್ತಾರೆ. ಮಾರುವಾಗ ಯಾವ ಚಿತ್ರ ಯಾವ ಊರಿನ ಹರಾಜಿಗೆ ಸರಿ ಎಂದು ಹೇಳುತ್ತಾರೆ. ಈ ಕೊನೆಯ ಮಾತಿಗೆ ತುಂಬ ಬೆಲೆ ಇದೆ. ನ್ಯೂಯಾರ್ಕ್‌ನಲ್ಲಿ ಕಾದು ಕೂತ ಖರೀದಿದಾರರಿರುವ ಚಿತ್ರವನ್ನು ಉಪನಗರದ ವಾರದ ಹರಾಜಿಗೆ ಹಾಕಿ ಕಳೆದುಕೊಂಡವರಿದ್ದಾರೆ.

ದರ ಮೂರು ಥರ ಇರುತ್ತದೆ. ಗಂಟೆಗಿಷ್ಟು, ಕೆಲಸಕ್ಕಿಷ್ಟು, ಇಲ್ಲವೇ ಕೊಂಡ ಬೆಲೆಯಲ್ಲಿ ಶೇಕಡಾ ಇಷ್ಟು. ಮೂರನೆಯದರಲ್ಲಿ ನೀವು ಜಾಸ್ತಿ ಕೊಟ್ಟಷ್ಟೂ ಅವರಿಗೆ ಜಾಸ್ತಿ. ಅದಕ್ಕೆ ನಾನು ಮೊದಲೆರಡನ್ನೇ ಒಪ್ಪುತ್ತೇನೆ. ಇನ್ನೊಂದು ಪ್ರಶ್ನೆ ಕೇಳಲು ಜನ ಮುಜುಗರ ಪಡುತ್ತಾರೆ, ಆದರೆ ಕೇಳಲೇಬೇಕು: ‘ಗ್ಯಾಲರಿಯಿಂದಲೂ ನಿಮಗೆ ಕಮಿಷನ್ ಬರುತ್ತಾ?’ ಗ್ಯಾಲರಿಗಳು ಕನ್ಸಲ್ಟೆಂಟರಿಗೆ ರಿಯಾಯಿತಿ ಕೊಡುವುದುಂಟು. ಅದು ನಿಮಗೆ ದಾಟಿದರೆ ಸರಿ. ಅವರ ಜೇಬಿಗೆ ಹೋಗುವುದಾದರೆ ಎರಡೂ ಕಡೆಯಿಂದ ತಗೊಳ್ಳುತ್ತಿದ್ದಾರೆ ಎಂದಾಯಿತು. ಒಳ್ಳೆಯವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಉತ್ತರವನ್ನು ಒಪ್ಪಂದದಲ್ಲೇ ಬರೆದುಕೊಡುತ್ತಾರೆ.

ತಮ್ಮದೇ ದಾಸ್ತಾನು ಇಟ್ಟುಕೊಂಡು ‘ಕನ್ಸಲ್ಟೆಂಟ್’ ಎಂದು ಬೋರ್ಡು ಹಾಕಿದವರೂ ಇದ್ದಾರೆ. ಅವರು ಅಂಗಡಿಯವರು. ಅಂಗಡಿಯವರಾಗಿರುವುದು ತಪ್ಪಲ್ಲ, ಆದರೆ ಹಾಗೆಂದು ಹೇಳಬೇಕು.

ಎರಡು ಸಾವಿರ ಡಾಲರಿನ ಒಂದೇ ಚಿತ್ರಕ್ಕೆ ಕನ್ಸಲ್ಟೆಂಟ್ ಬೇಡ. ಅವರ ಫೀಸಿನಲ್ಲಿ ಇನ್ನೊಂದು ಸಣ್ಣ ಚಿತ್ರವೇ ಬರುತ್ತದೆ. ಹಲವು ಹತ್ತು ಸಾವಿರ ಖರ್ಚು ಮಾಡುವ ಯೋಚನೆ ಇದ್ದರೆ, ಅಥವಾ ಅಪ್ಪ ಅಮ್ಮ ಬಿಟ್ಟುಹೋದ ಹತ್ತಿಪ್ಪತ್ತು ಚಿತ್ರಗಳ ರಾಶಿ ಮುಂದಿದ್ದರೆ, ಇವರಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತದೆ.

ವ್ಯಾಲ್ಯೂಯರ್

ವ್ಯಾಲ್ಯೂಯರ್ ಮತ್ತು ಕನ್ಸಲ್ಟೆಂಟ್ ಒಂದೇ ಎಂದು ಹಲವರ ಎಣಿಕೆ. ಅಲ್ಲ. ವ್ಯಾಲ್ಯೂಯರ್ ಏನು ಕೊಳ್ಳಬೇಕೆಂದು ಹೇಳುವುದಿಲ್ಲ. ಒಂದು ಉದ್ದೇಶಕ್ಕೆ, ಒಂದು ತಾರೀಕಿಗೆ, ಇದರ ಬೆಲೆ ಇಷ್ಟು ಎಂದು ಸಹಿ ಹಾಕಿಕೊಡುತ್ತಾರೆ. ಇಲ್ಲಿ ‘ಉದ್ದೇಶ’ ಅನ್ನುವುದೇ ಮುಖ್ಯ. ವಿಮೆಗೆ ಬರೆಯುವ ಬೆಲೆ ದೊಡ್ಡದು, ಯಾಕೆಂದರೆ ನಾಳೆ ಕಳೆದುಹೋದರೆ ಅಂಥದ್ದನ್ನು ಗ್ಯಾಲರಿಯಿಂದ ಹೊಸದಾಗಿ ತರಲು ಎಷ್ಟಾಗುತ್ತದೆ ಎಂಬ ಲೆಕ್ಕ ಅದು. ಆಸ್ತಿ ಪಾಲಿಗೆ, ತೆರಿಗೆಗೆ ಬರೆಯುವುದು ಮಾರುಕಟ್ಟೆ ಬೆಲೆ, ಅದು ಕಡಿಮೆ. ವಿಮೆಯ ಕಾಗದ ಹಿಡಿದು ‘ನಮ್ಮ ಚಿತ್ರ ಹದಿನೈದು ಸಾವಿರ ಬಾಳುತ್ತೆ’ ಎಂದು ಹರಾಜಿಗೆ ಹೋಗಿ ಆರು ಸಾವಿರದ ಅಂದಾಜು ಕೇಳಿ ಬೇಜಾರಾದವರನ್ನು ನೋಡಿದ್ದೇನೆ. ಯಾರೂ ಮೋಸ ಮಾಡಿರಲಿಲ್ಲ. ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರ.

ಫೀಸು ಗಂಟೆಗೋ ಚಿತ್ರಕ್ಕೋ ಇರಬೇಕು. ಬೆಲೆಯಲ್ಲಿ ಶೇಕಡಾ ಕೇಳುವವರಿಂದ ದೂರವಿರಿ. ಬೆಲೆ ಏರಿಸಿದಷ್ಟೂ ಅವರಿಗೇ ಲಾಭ. ತಾವೇ ಬೆಲೆ ಕಟ್ಟಿ ತಾವೇ ಕೊಳ್ಳಲು ಮುಂದೆ ಬರುವವರಿಂದ ಇನ್ನೂ ದೂರ.

ದಾನ ಕೊಡುವ ಯೋಚನೆ ಇದ್ದರೆ ವ್ಯಾಲ್ಯೂಯರ್ ಇಲ್ಲದೆ ಆಗದು. ಸರ್ಕಾರದ ಕಲ್ಚರಲ್ ಗಿಫ್ಟ್ಸ್ ಪ್ರೋಗ್ರಾಂ ಎಂಬ ಯೋಜನೆಯಡಿ ಮ್ಯೂಸಿಯಂ ಅಥವಾ ಸಾರ್ವಜನಿಕ ಗ್ಯಾಲರಿ ನಿಮ್ಮ ಚಿತ್ರವನ್ನು ಒಪ್ಪಿಕೊಂಡರೆ ಸಾಮಾನ್ಯವಾಗಿ ಅದರ ಮಾರುಕಟ್ಟೆ ಬೆಲೆಯಷ್ಟನ್ನು ನಿಮ್ಮ ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ಅದಕ್ಕೆ ಸಾಮಾನ್ಯವಾಗಿ ಯೋಜನೆ ಒಪ್ಪಿದ ಇಬ್ಬರು ವ್ಯಾಲ್ಯೂಯರ್‌ಗಳ ಕಾಗದ ಬೇಕು. ಜಾಸ್ತಿ ತೆರಿಗೆ ಕಟ್ಟುವವರಿಗೆ, ಚಿತ್ರವೂ ಒಳ್ಳೆಯದಾಗಿದ್ದರೆ, ಕಮಿಷನ್‌ಗಳ ಲೆಕ್ಕ ಹಾಕಿದಾಗ ಮಾರುವುದಕ್ಕಿಂತ ಇದೇ ವಾಸಿ ಎನಿಸಬಹುದು. ಚಿತ್ರ ಎಲ್ಲರೂ ನೋಡುವ ಗೋಡೆಗೂ ಹೋಗುತ್ತದೆ.

ಗ್ಯಾಲರಿ

ಗ್ಯಾಲರಿಯವರು ಮಾರುವವರೇ, ಮುಚ್ಚುಮರೆ ಇಲ್ಲ. ಒಬ್ಬ ಕಲಾವಿದರ ಕೆಲಸವನ್ನು ವರ್ಷಗಟ್ಟಲೆ ನೋಡಿಕೊಂಡು ಬಂದ ಗ್ಯಾಲರಿಯವರಷ್ಟು ಆ ಕಲಾವಿದರ ಬಗ್ಗೆ ಬಲ್ಲವರು ಸಿಗುವುದು ಕಷ್ಟ. ಅರ್ಧ ದಿನ ನಿಂತು ಮಾತಾಡಿದರೂ ಫೀಸಿಲ್ಲ. ಕಂತಿನಲ್ಲಿ ಕೊಡಲು ಒಪ್ಪುವವರೂ ಇದ್ದಾರೆ. ಬೇರೆ ಗ್ಯಾಲರಿಯ ಕಲಾವಿದರ ಬಗ್ಗೆ ಮಾತ್ರ ಇವರನ್ನು ಕೇಳಬೇಡಿ.

ನೋಡಬೇಕಾದ್ದು ಎರಡು. ಚಿತ್ರ ಆರ್ಟ್ ಸೆಂಟರಿನ ಮೂಲಕ ಬಂದದ್ದೇ? ಗ್ಯಾಲರಿ ಇಂಡಿಜಿನಸ್ ಆರ್ಟ್ ಕೋಡ್‌ಗೆ ಸಹಿ ಹಾಕಿದೆಯೇ? ಇದು 2010ರಲ್ಲಿ ಶುರುವಾದ ನಡವಳಿಕೆಯ ಕಟ್ಟಳೆ. ಸೇರುವುದು ಬಿಡುವುದು ವ್ಯಾಪಾರಿಗೆ ಬಿಟ್ಟದ್ದು. ಸಹಿ ಇದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳಬಹುದು ಎಂದಲ್ಲ, ಆದರೆ ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳುವ ಹಕ್ಕು ನಿಮಗಿದೆ. ಸ್ಮರಣಿಕೆ ಅಂಗಡಿಗಳ ಬೂಮರಾಂಗ್, ಬಟ್ಟಲುಗಳ ಮಾತೇ ಬೇರೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಮಾಲಿಗೆ ಮೂಲನಿವಾಸಿಗಳ ಕೈಯೇ ತಾಗಿಲ್ಲ ಎಂದು ಇಲ್ಲಿನ ಪ್ರೊಡಕ್ಟಿವಿಟಿ ಕಮಿಷನ್ ಎಂಬ ಸರ್ಕಾರಿ ಸಂಸ್ಥೆ 2022ರಲ್ಲಿ ಹೇಳಿತು. ಇಂಡೋನೇಷ್ಯಾದಲ್ಲಿ ಮಾಡಿಸಿ ಅಬಾರಿಜಿನಲ್ ಎಂದು ಮಾರಿದ ಬಿರುಬಿ ಎಂಬ ಕಂಪನಿಗೆ 2019ರಲ್ಲಿ ಕೋರ್ಟು 23 ಲಕ್ಷ ಡಾಲರ್ ದಂಡ ಹಾಕಿತು.

ನೇರವಾಗಿ ಆರ್ಟ್ ಸೆಂಟರ್

ನನ್ನ ಒಲವು ಯಾವ ಕಡೆ ಎಂದು ಇಷ್ಟೊತ್ತಿಗೆ ಗೊತ್ತಾಗಿರಬೇಕು. ಮೊದಲ ಚಿತ್ರ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆಗಾರರಿಲ್ಲ. ಮಾರಾಟದ ದುಡ್ಡಿನಲ್ಲಿ ಸಾಮಾನ್ಯವಾಗಿ ಅರ್ಧ ಅಥವಾ ಅದಕ್ಕಿಂತ ತುಸು ಹೆಚ್ಚು ಕಲಾವಿದರಿಗೆ ಹೋಗುತ್ತದೆ. ಉಳಿದದ್ದು ಬಣ್ಣ, ಕ್ಯಾನ್ವಾಸ್, ಜೀಪು, ನೌಕರರ ಸಂಬಳಕ್ಕೆ. ಮೂಲದ ಪ್ರಶ್ನೆಯೇ ಏಳುವುದಿಲ್ಲ, ನೀವು ನಿಂತಿರುವುದೇ ಮೂಲದಲ್ಲಿ.

ದೂರ ಹೆಚ್ಚು, ನಿಜ. ಕೆಲವು ಊರಿಗೆ ಹೋಗಲು ಪರ್ಮಿಟ್ ಬೇಕು, ಡಾಂಬರು ರಸ್ತೆ ಇಲ್ಲ. ಆದರೆ ಪ್ರತಿ ವರ್ಷ ಆಗಸ್ಟ್ ಹೊತ್ತಿಗೆ ಡಾರ್ವಿನ್ ಅಬಾರಿಜಿನಲ್ ಆರ್ಟ್ ಫೇರ್ ನಡೆಯುತ್ತದೆ. ಹತ್ತಾರು ಕೇಂದ್ರಗಳು ಒಂದೇ ಸೂರಿನಡಿ ಸಿಗುತ್ತವೆ. ಮಾರಾಟದ ದುಡ್ಡು ಪೂರ್ತಿ ಕೇಂದ್ರಗಳಿಗೇ ಹೋಗುತ್ತದೆ. ಆಲಿಸ್ ಸ್ಪ್ರಿಂಗ್ಸ್‌ನ ಡೆಸರ್ಟ್ ಮಾಬ್ ಎಂಬ ಕಲಾಮೇಳದಲ್ಲೂ ಹಲವು ಕೇಂದ್ರಗಳು ಒಟ್ಟಿಗೆ ಸಿಗುತ್ತವೆ. ಪ್ರಯಾಣ ಆಗದವರಿಗೆ ಅನೇಕ ಕೇಂದ್ರಗಳ ಆನ್‌ಲೈನ್ ಅಂಗಡಿ ಇದೆ. ಸಣ್ಣ ಕ್ಯಾನ್ವಾಸ್ ಕೆಲವೇ ನೂರು ಡಾಲರಿಗೂ ಸಿಗುತ್ತದೆ.

ಇವರು ಮಾಡದ ಕೆಲಸವೂ ಇದೆ. ಹಳೆಯ ಚಿತ್ರವನ್ನು ನಿಮ್ಮಿಂದ ವಾಪಸ್ ಕೊಳ್ಳುವುದಿಲ್ಲ. ಹರಾಜಿನಲ್ಲಿ ಎಷ್ಟಾಗಬಹುದು ಎಂದು ಹೇಳುವುದಿಲ್ಲ. ಆ ಪ್ರಶ್ನೆಗೆ ಆಸ್ಟ್ರೇಲಿಯನ್ ಆರ್ಟ್ ಸೇಲ್ಸ್ ಡೈಜೆಸ್ಟ್ ಎಂಬ ಹರಾಜು ದಾಖಲೆ ಇದೆ. ಕಲಾವಿದರ ಹೆಸರು ಹಾಕಿದರೆ ಹಿಂದೆ ಯಾವ ಚಿತ್ರ ಎಷ್ಟಕ್ಕೆ ಹೋಯಿತು, ಯಾವುದು ಹೋಗಲಿಲ್ಲ ಎಂದು ಸಿಗುತ್ತದೆ. ಆದರೆ ಒಂದು ಎಚ್ಚರಿಕೆ. ಎಮಿಲಿಯವರ ‘ಅರ್ತ್ಸ್ ಕ್ರಿಯೇಷನ್’ 2007ರಲ್ಲಿ 10.56 ಲಕ್ಷಕ್ಕೆ, 2017ರಲ್ಲಿ 21 ಲಕ್ಷಕ್ಕೆ ಮಾರಾಟವಾಯಿತು ಎಂದು ಓದಿ ಅವರ ಪ್ರತಿ ಚಿತ್ರವೂ ಹತ್ತು ವರ್ಷಕ್ಕೆ ಇಮ್ಮಡಿಯಾಗುತ್ತದೆ ಎಂದುಕೊಳ್ಳಬೇಡಿ. ಆ ಪಟ್ಟಿಯಲ್ಲಿ ಕೆಳಗೆ, ಮಾರಾಟವೇ ಆಗದವುಗಳ ಸಾಲನ್ನೂ ಓದಿ.

ಮೂರು ಮನೆಗೆ ಏನು ಹೇಳಿದೆ

ಪಾಯಿಂಟ್ ಕುಕ್ ಜೋಡಿಗೆ ಯಾರಿಗೂ ಫೀಸು ಕೊಡಬೇಡಿ ಎಂದೆ. ಮೊದಲು ಒಂದು ಭಾನುವಾರ ಮೆಲ್ಬರ್ನ್‌ನ ಫೆಡರೇಷನ್ ಸ್ಕ್ವೇರ್‌ನಲ್ಲಿರುವ ಎನ್‌ಜಿವಿ (ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾ) ಗ್ಯಾಲರಿಗೆ ಹೋಗಿ ಬನ್ನಿ. ಯಾವ ಊರಿನ ಕೈ ನಿಮ್ಮನ್ನು ನಿಲ್ಲಿಸುತ್ತದೆ ನೋಡಿ. ಚುಕ್ಕಿಯೇ ಆಗಬೇಕೆಂದಿಲ್ಲ. ಉತ್ತರದ ಅರ್ನ್‌ಹೆಮ್ ಲ್ಯಾಂಡಿನ ಮರದ ತೊಗಟೆ ಮೇಲಿನ ಸಣ್ಣ ಗೆರೆಗಳ ಚಿತ್ರ ಬೇರೆಯೇ ಲೋಕ, ಆದರೆ ತೊಗಟೆ ಬಿಸಿಲಿಗೆ, ಹೀಟರ್ ಗಾಳಿಗೆ ಬಾಗುತ್ತದೆ. ಹಾಲ್‌ನ ಪಶ್ಚಿಮದ ಗೋಡೆಗೆ ಅದು ಬೇಡ. ಆಮೇಲೆ ಆ ಊರಿನ ಆರ್ಟ್ ಸೆಂಟರಿಗೆ ಅಳತೆ, ಬಜೆಟ್ ಬರೆದು ಇಮೇಲ್ ಮಾಡಿ. ಎರಡು ಸಾವಿರದಲ್ಲಿ ದೊಡ್ಡ ಹೆಸರು ಸಿಗುವುದಿಲ್ಲ, ಒಳ್ಳೆಯ ಚಿತ್ರ ಖಂಡಿತ ಸಿಗುತ್ತದೆ. ಆ ಜೋಡಿಯಲ್ಲಿ ಹುಡುಗಿ ಒಂದು ಪ್ರಶ್ನೆ ಕೇಳಿದಳು: ‘ಇದನ್ನೇ ಗೃಹಪ್ರವೇಶದ ಕಾರ್ಡ್ ಮೇಲೆ ಹಾಕಿಸಬಹುದಾ ಅಣ್ಣ?’ ಆಗದು. ಚಿತ್ರ ನಿಮ್ಮದಾಗುತ್ತದೆ, ಅದರ ಹಕ್ಕುಸ್ವಾಮ್ಯ ಕಲಾವಿದರದೇ. ಕೇಂದ್ರದ ಮೂಲಕ ಒಪ್ಪಿಗೆ ಕೇಳಬೇಕು. ಚಿತ್ರದಲ್ಲಿರುವ ಕಥೆ ಹೇಳುವ ಅಧಿಕಾರ ಆ ಕಲಾವಿದರ ಮನೆತನದ್ದು, ಒಬ್ಬೊಬ್ಬರಿಗೂ ಅಲ್ಲಿ ತಮ್ಮ ಪಾಲಿನ ಕಥೆ ಇದೆ. ಅದನ್ನು ಅವರು ಲಘುವಾಗಿ ತಗೊಳ್ಳುವುದಿಲ್ಲ, ನಾವೂ ತಗೊಳ್ಳಬಾರದು.

ಎಂಜಿನಿಯರ್ ಅವರ ಚಿತ್ರ ತಿರುಗಿಸಿ ನೋಡಿದೆವು. ಅದೃಷ್ಟ, ಹಿಂದೆ ನಂಬರ್ ಇತ್ತು. ಹಳೆಯ ಫೈಲಿನಲ್ಲಿ ರಸೀದಿಯೂ ಸಿಕ್ಕಿತು. ಇವರಿಗೆ ಕನ್ಸಲ್ಟೆಂಟ್ ಬೇಡ. ಎರಡು ಹರಾಜು ಸಂಸ್ಥೆಗೆ ಒಂದೇ ದಿನ ಫೋಟೋ ಕಳಿಸಿ, ಅಂದಾಜು ಮಾತ್ರ ನೋಡಬೇಡಿ, ಕಮಿಷನ್, ಕನಿಷ್ಠ ಬೆಲೆ, ಹಣ ಬರುವ ದಿನ ಇವಿಷ್ಟನ್ನೂ ಪಕ್ಕ ಪಕ್ಕ ಬರೆದು ಹೋಲಿಸಿ ಎಂದೆ. ದೊಡ್ಡ ಅಂದಾಜು ಹೇಳಿ ಚಿತ್ರ ಒಳಗೆ ಹಾಕಿಕೊಂಡು ಆಮೇಲೆ ಇಳಿಸುವ ರೂಢಿಯೂ ಇದೆ. ಮೈಸೂರಿಗೇ ಒಯ್ಯುವುದಾದರೆ ಮೊದಲು ರಫ್ತಿನ ಕಾನೂನು ನೋಡಬೇಕು. ಹಳೆಯ, ಬೆಲೆಬಾಳುವ ಕೃತಿಗಳಿಗೆ 1986ರ ಮೂವಬಲ್ ಕಲ್ಚರಲ್ ಹೆರಿಟೇಜ್ ಕಾನೂನಿನಡಿ ಪರ್ಮಿಟ್ ಬೇಕಾಗಬಹುದು. ಪವಿತ್ರ, ಗುಟ್ಟಿನ ಆಚರಣೆಯ ವಸ್ತುಗಳಂತೂ ದೇಶ ಬಿಟ್ಟು ಹೋಗುವಂತೆಯೇ ಇಲ್ಲ. ಅವರ ಚಿತ್ರದ ವಯಸ್ಸು, ಬೆಲೆ ನೋಡಿ ಇಲಾಖೆಗೇ ಬರೆದು ಕೇಳಿ ಎಂದೆ. ಅವರ ಹೆಂಡತಿ ಅಡುಗೆಮನೆಯಿಂದಲೇ ‘ಮಾರೋದು ಬೇಡ ರೀ, ನಾವು ಇಪ್ಪತ್ತು ವರ್ಷ ಅದರ ಕೆಳಗೇ ಕೂತು ಊಟ ಮಾಡಿದ್ದೀವಿ’ ಎಂದರು. ಆ ಅಳತೆ ನನ್ನ ತಕ್ಕಡಿಯಲ್ಲಿ ಇರಲಿಲ್ಲ. ಅವರು ಇನ್ನೂ ಯೋಚಿಸುತ್ತಿದ್ದಾರೆ.

ಡಾಕ್ಟರ್ ಅವರಿಗೆ ಮಾತ್ರ ಕನ್ಸಲ್ಟೆಂಟ್ ಬೇಕೇ ಬೇಕು, ಜೊತೆಗೆ ಅಕೌಂಟೆಂಟ್ ಕೂಡ. ಯಾಕೆಂದರೆ 2011ರ ಜುಲೈಯಿಂದ ಬಂದ ನಿಯಮದ ಪ್ರಕಾರ ಸ್ವಂತ ಸೂಪರ್ ಫಂಡ್ ಹಣದಲ್ಲಿ ಕೊಂಡ ಚಿತ್ರವನ್ನು ಸದಸ್ಯರ ಮನೆಯಲ್ಲಿ ಇಡುವಂತಿಲ್ಲ, ಅವರ ಕ್ಲಿನಿಕ್ಕಿನ ಗೋಡೆಗೂ ತೂಗುಹಾಕುವಂತಿಲ್ಲ. ಕೊಂಡ ಏಳು ದಿನದೊಳಗೆ ಫಂಡ್ ಹೆಸರಲ್ಲಿ ವಿಮೆ ಆಗಬೇಕು. ಹೀಗಾಗಿ ಸಾಮಾನ್ಯವಾಗಿ ಬಾಡಿಗೆ ಕೊಟ್ಟು ಗೋದಾಮಿನಲ್ಲಿ ಇಡಬೇಕಾಗುತ್ತದೆ. ಹಿಂದೆ ಹೀಗೆ ಕೊಂಡಿದ್ದ ಬಹಳ ಜನ ಈ ನಿಯಮ ಬಂದ ಮೇಲೆ ಮಾರಲು ನಿಂತರು, ಬೆಲೆಗಳಿಗೆ ಪೆಟ್ಟು ಬಿತ್ತು. ‘ಅಯ್ಯೋ, ನೋಡೋಕೇ ಆಗದಿದ್ದರೆ ಯಾಕೆ?’ ಎಂದರು ಡಾಕ್ಟರ್. ಸೂಪರ್ ಯೋಚನೆ ಅಲ್ಲಿಗೇ ಬಿಟ್ಟರು. ಈಗ ಕ್ಲಿನಿಕ್ ಖರ್ಚಿನಲ್ಲೇ ವರ್ಷಕ್ಕೆ ಎರಡು ಚಿತ್ರ ಎಂದು ಗೊತ್ತುಮಾಡಿಕೊಂಡಿದ್ದಾರೆ. ಗಂಟೆ ಲೆಕ್ಕದ ಕನ್ಸಲ್ಟೆಂಟ್ ಒಬ್ಬರನ್ನು ಹಿಡಿದಿದ್ದಾರೆ. ಮೊದಲ ಭೇಟಿಯಲ್ಲಿ ಆಕೆ ಒಂದು ಚಿತ್ರವನ್ನೂ ತೋರಿಸಲಿಲ್ಲವಂತೆ. ಮುಂದಿನ ಆಗಸ್ಟ್‌ಗೆ ಡಾರ್ವಿನ್‌ಗೆ ಎರಡು ಟಿಕೆಟ್ ಬುಕ್ ಮಾಡಿ ಎಂದಷ್ಟೇ ಹೇಳಿ ಎದ್ದರಂತೆ.